ಕೊಳಚೆ ತಿಳಿಯಾದ ಕಥೆ

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಗೂಗಲ್ ಎಂಬ ಊರಿದೆ. ಇಂದಿನ ತರುಣರು ಕಂಪ್ಯೂಟರಿನ ಮುಂದೆ ಕುಳಿತು ದಿನಕ್ಕೆ ಹತ್ತು ಬಾರಿ ನೆನೆಯುವ ಹೆಸರಿಗೂ ಈ ಊರಿಗೂ ಉಚ್ಚಾರದ ಸಾಮ್ಯವೊಂದನ್ನುಳಿದು ಬೇರೆ ನಂಟಿಲ್ಲ. ನಮ್ಮ ಗೂಗಲ್ ಎರಡು ಕಾರಣಗಳಿಂದ ಹೆಸರಾದುದು. ಒಂದು, ಹೊಳೆಯ ತಡಿಯಲ್ಲಿರುವ ಅಲ್ಲಮಪ್ರಭುವಿನ ಗುಡಿ. ಇನ್ನೊಂದು, ಈಚಿನ ವರ್ಷಗಳಲ್ಲಿ ಅಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಸೇತುವೆ ಸಹಿತವಾದ ಬ್ಯಾರೇಜು.

ಆ ಬ್ಯಾರೇಜಿನಲ್ಲಿ ನಿಂತ ನೀರು ಎಲ್ಲಿಂದ ಬಂದುದು ಎಂದು ಕೇಳಿಕೊಂಡರೆ, ಉತ್ತರ ಮಹಾಬಳೇಶ್ವರದಿಂದ ಆರಂಭವಾಗುತ್ತದೆ. ಸಾತಾರಾ, ಕರಾಡ, ಸಾಂಗ್ಲಿಗಳನ್ನು ಹಾದು, ಕೊಲ್ಲಾಪುರದ ಪಂಚಗಂಗೆಯನ್ನು ಕೂಡಿಸಿಕೊಂಡು ಕೃಷ್ಣೆ ಕನ್ನಡ ನಾಡಿಗೆ ಬರುತ್ತಾಳೆ. ಘಟಪ್ರಭೆ, ಮಲಪ್ರಭೆಗಳು ಸೇರುತ್ತವೆ. ಆಲಮಟ್ಟಿ, ನಾರಾಯಣಪುರಗಳಲ್ಲಿ ತಂಗಿ, ಗೂಗಲ್ಲನ್ನು ಮುಟ್ಟುತ್ತಾಳೆ. ಗೂಗಲ್ಲನ್ನು ದಾಟಿದ ಮೇಲೆ ರಾಯಚೂರಿನ ಉತ್ತರಕ್ಕೆ ಭೀಮೆ ಬಂದು ಕೂಡುತ್ತಾಳೆ. ಅವಳ ಜೊತೆಗೆ ಪುಣೆಯ ಮುಳಾ-ಮುಠಾಗಳ ನೀರೂ ಬರುತ್ತದೆ. ಈ ಎಲ್ಲ ಊರುಗಳೂ ನದಿಯಿಂದ ನೀರನ್ನು ಎತ್ತಿಕೊಳ್ಳುತ್ತವೆ, ಬಳಸುತ್ತವೆ, ಮತ್ತು ಬಳಸಿದುದನ್ನು ನದಿಗೋ ನದಿ ಸೇರುವ ಹಳ್ಳಕ್ಕೋ ಮರಳಿಸುತ್ತವೆ. ಹೇಗೆ ಮರಳಿಸುತ್ತವೆ ಎಂಬುದೇ ಇಂದಿನ ನನ್ನ ವಿಷಯ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಚರಂಡಿ ನೀರಿನ ಶುದ್ಧೀಕರಣದ ಗೊಡವೆ ಏಕೆ ಎಂದು ಕೇಳುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಇದಕ್ಕೊಂದು ಇತಿಹಾಸವಿದೆ, ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಕರ್ನಾಟಕದಲ್ಲಿ. ಅದನ್ನು ನಾವು ಮರೆತಿದ್ದೇವೆ ಎಂಬುದೇ ನನ್ನ ಸಮಾಧಾನ. ಎಂಜಿನಿಯರುಗಳ ಪುಸ್ತಕಗಳಲ್ಲಿ ಒಂದೆರಡು ಸಾಲುಗಳಾಗಿ ಉಳಿದಿರುವ ಆ ಸಂಗತಿ ಸಾಹಿತ್ಯಾಸಕ್ತರಿಗೂ ತಿಳಿದಿರಲಿ ಎಂಬುದು ನನ್ನ ಆಸೆ.

ಮೊದಲು ಒಂದು ಮಾತನ್ನು ಭಾಷೆಯ ಕಡೆಯಿಂದಲೇ ಹೇಳುತ್ತೇನೆ. ನಮ್ಮ ಹಳ್ಳಿಯ ಮನೆಗಳಲ್ಲಿ ಕೊಳೆಗೆ ಒಂದೇ ಹೆಸರಿರಲಿಲ್ಲ. ಅಕ್ಕಿ ತೊಳೆದ ನೀರು ಕಲಗಚ್ಚು. ಅದು ಎಮ್ಮೆಯ ಬಾನಿಗೆ. ಪಾತ್ರೆ ತೊಳೆದುದು ಮುಸುರೆ. ಮಿಂದ ನೀರು ಬಚ್ಚಲ ನೀರು. ಅದು ಹಿತ್ತಿಲಿನ ಬಾಳೆಯ ಬುಡಕ್ಕೆ. ಸಗಣಿ, ಕಸಕಡ್ಡಿಗಳು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಒಂದೊಂದಕ್ಕೂ ಒಂದೊಂದು ಹೆಸರಿದ್ದದ್ದು ಒಂದೊಂದಕ್ಕೂ ಹೋಗುವ ಜಾಗ ಬೇರೆ ಇದ್ದುದರಿಂದ. ಪಟ್ಟಣದಲ್ಲಿ ಇವೆಲ್ಲವೂ ಶೌಚದ ನೀರಿನೊಂದಿಗೆ ಒಂದೇ ಕೊಳವೆಯಲ್ಲಿ ಕೂಡಿ 'ಕೊಳಚೆ ನೀರು' ಎಂಬ ಒಂದೇ ಹೆಸರನ್ನು ಪಡೆದವು. ಹೆಸರು ಒಂದಾದೊಡನೆ ಗುಣವನ್ನು ವಿಚಾರಿಸುವ ಅಭ್ಯಾಸವೂ ತಪ್ಪಿತು.

ವಾಸ್ತವವಾಗಿ ಈ ಕೊಳಚೆ ನೀರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಮಿಕ್ಕಿ ಇರುವುದು ಬರಿಯ ನೀರೇ. ಊರಿಗೆ ಪೂರೈಸಿದ ನೀರಿನ ಸುಮಾರು ಶೇಕಡ ೮೦ರಷ್ಟು ಕೊಳಚೆಯಾಗಿ ಹೊರಬರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ತಲೆಗೆ ದಿನಕ್ಕೆ ೧೩೫ ಲೀಟರು ನೀರು ಕೊಡುವ ಊರಿನಲ್ಲಿ ಪ್ರತಿಯೊಬ್ಬನೂ ನೂರಕ್ಕೂ ಹೆಚ್ಚು ಲೀಟರು ಕೊಳಚೆಯನ್ನು ಹೊರಬಿಡುತ್ತಾನೆ. ಅದರಲ್ಲಿರುವ ಅಲ್ಪಭಾಗ ಮಲಿನಾಂಶವೇ ನದಿಯನ್ನು ಕೊಲ್ಲುವುದು.

ಕೊಲ್ಲುವ ಬಗೆ ಹೀಗೆ: ನೀರಿನಲ್ಲಿ ಕರಗಿದ ಆಮ್ಲಜನಕವಿರುತ್ತದೆ, ಮೀನು ಉಸಿರಾಡುವುದು ಅದನ್ನು. ಮಲಿನಾಂಶ ಸೇರಿದಾಗ ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ವೃದ್ಧಿಯಾಗುತ್ತವೆ. ಅವೂ ಉಸಿರಾಡಬೇಕು. ಮಲಿನಾಂಶ ಕಡಿಮೆಯಿದ್ದರೆ ನದಿ ಗಾಳಿಯಿಂದ ಆಮ್ಲಜನಕವನ್ನು ಮತ್ತೆ ಪಡೆದು ಚೇತರಿಸಿಕೊಳ್ಳುತ್ತದೆ. ಹರಿವ ನೀರಿಗೆ ಮೈಲಿಗೆಯಿಲ್ಲ ಎಂಬ ಹಿರಿಯರ ನಂಬಿಕೆಗೆ ಅಷ್ಟರ ಮಟ್ಟಿಗೆ ಆಧಾರವಿದೆ. ಮಲಿನಾಂಶ ಹೆಚ್ಚಾದರೆ ಉಸಿರು ತೀರಿಹೋಗಿ, ನೀರು ಕಪ್ಪಾಗಿ ನಾರುತ್ತದೆ. ಇಲ್ಲಿ ನಮ್ಮ ಸೀಮೆಗೆ ವಿಶೇಷವಾದ ಕಷ್ಟವೊಂದಿದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ. ೧೦ ಡಿಗ್ರಿ ಉಷ್ಣದ ತಣ್ಣನೆಯ ನೀರು ಲೀಟರಿಗೆ ೧೧ ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹಿಡಿದಿಟ್ಟರೆ, ೩೫ ಡಿಗ್ರಿಯ ನೀರು ೭ ಮಿಲಿಗ್ರಾಮಿನಷ್ಟನ್ನು ಮಾತ್ರ ಹಿಡಿಯಬಲ್ಲುದು. ರಾಯಚೂರಿನ ಬೇಸಗೆಯಲ್ಲಿ ಹೊಳೆ ಬತ್ತುವ ಕಾಲವೂ ಅದರ ಉಸಿರು ಕುಗ್ಗುವ ಕಾಲವೂ ಒಂದೇ.

ಈ ತಿಳಿವಳಿಕೆ ಮೊದಲು ಅನಿವಾರ್ಯವಾದದ್ದು ಇಂಗ್ಲೆಂಡಿಗೆ. ಕಾರ್ಖಾನೆಗಳ ಊರುಗಳು ಬೆಳೆದು, ಅಲ್ಲಿನ ನದಿಗಳು ಗಟಾರಗಳಾದ ಮೇಲೆ, ೧೮೯೮ರಲ್ಲಿ ಕೊಳಚೆ ವಿಲೇವಾರಿಯ ವಿಚಾರಕ್ಕಾಗಿ ರಾಯಲ್ ಕಮಿಷನ್ ಒಂದು ನೇಮಕವಾಯಿತು. ೧೯೧೫ರವರೆಗೆ ಕೆಲಸ ಮಾಡಿತು. ನದಿಗೆ ಬಿಡುವ ನೀರಿನ ಮಾಲಿನ್ಯವನ್ನು ಅಳೆಯುವ ಪರೀಕ್ಷೆಯನ್ನು ರೂಢಿಗೆ ತಂದ ಕೀರ್ತಿ ಅದರದು. ಒಂದು ಸೀಸೆಯ ನೀರಿನಲ್ಲಿರುವ ಜೀವಿಗಳು ಐದು ದಿನಗಳಲ್ಲಿ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ ಎಂಬುದೇ ಆ ಅಳತೆ. ಇಂದು ಬಿ.ಓ.ಡಿ. ಎಂದು ಕರೆಯುವುದು ಇದನ್ನೇ. ೧೯೧೨ರ ವರದಿಯಲ್ಲಿ ಆಯೋಗ ಬಿ.ಓ.ಡಿ. ೨೦ನ್ನೂ ತೇಲುಕಣಗಳು ೩೦ನ್ನೂ ಮೀರಬಾರದೆಂದು ಸೂಚಿಸಿತು. ನಮ್ಮ ದೇಶದ ಉಷ್ಣಕ್ಕೆ ತಕ್ಕಂತೆ ಈಗ ನಾವು ೨೭ ಡಿಗ್ರಿಯಲ್ಲಿ ಮೂರು ದಿನಗಳ ಪರೀಕ್ಷೆ ನಡೆಸುತ್ತೇವೆ. ಆದರೆ ನಮ್ಮ ನಿಯಮಗಳ ವಂಶವೃಕ್ಷ ಆ ವರದಿಗೇ ಹೋಗಿ ಮುಟ್ಟುತ್ತದೆ.

ಅಳತೆ ಸಿಕ್ಕಿತು; ಉಪಾಯ ಸಿಕ್ಕಬೇಕಿತ್ತು. ಅದು ಸಿಕ್ಕಿದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ಲಿನ ನಗರಾಡಳಿತಕ್ಕೆ ಸಲಹೆಗಾರನಾಗಿದ್ದ ಗಿಲ್ಬರ್ಟ್ ಫೌಲರ್ ಎಂಬ ರಸಾಯನ ವಿಜ್ಞಾನಿ ೧೯೧೨ರಲ್ಲಿ ಅಮೆರಿಕೆಗೆ ಹೋಗಿದ್ದಾಗ, ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಸೀಸೆಗಳಲ್ಲಿ ತುಂಬಿಟ್ಟ ಕೊಳಚೆಗೆ ಗಾಳಿ ಊದುತ್ತಿದ್ದುದನ್ನು ಕಂಡ. ಊರಿಗೆ ಮರಳಿ ಅದನ್ನು ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ತಿಳಿಸಿದ. ಅವರೂ ಕೊಳಚೆಗೆ ಗಾಳಿ ಊದಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ವಾರಗಟ್ಟಲೆ ಹಿಡಿಯಿತು. ಅನಂತರ ಅವರು ಮಾಡಿದ್ದು ಅತಿ ಸರಳವಾದ ಕೆಲಸ. ಮೇಲಿನ ತಿಳಿಯನ್ನು ಬಸಿದು, ತಳದಲ್ಲಿ ಉಳಿದ ಗಸಿಯನ್ನು ಚೆಲ್ಲದೆ ಹಾಗೇ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆಯನ್ನು ಸುರಿದು ಮತ್ತೆ ಗಾಳಿ ಊದಿದರು. ಹೀಗೆ ಮಾಡಿದಷ್ಟು ಸಲವೂ ಕಾಲ ಕಡಿಮೆಯಾಗುತ್ತ ಬಂತು. ಕೊನೆಗೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ೧೯೧೪ರ ಏಪ್ರಿಲ್ ೩ರಂದು ಮ್ಯಾಂಚೆಸ್ಟರಿನ ಒಂದು ಸಭೆಯಲ್ಲಿ ಅವರು ಈ ಪ್ರಬಂಧವನ್ನು ಓದಿದರು. ಆ ಗಸಿಗೆ ಅವರಿಟ್ಟ ಹೆಸರು 'ಆಕ್ಟಿವೇಟೆಡ್ ಸ್ಲಡ್ಜ್', ಎಂದರೆ ಚೇತನಗೊಂಡ ಕೆಸರು.

ಆಂಗ್ಲ ವಿಜ್ಞಾನಿಗಳಿಗೆ ಇದು ಹೊಸತು. ನಮ್ಮ ತಾಯಂದಿರಿಗೆ ಇದರ ತತ್ತ್ವ ಚೆನ್ನಾಗಿ ತಿಳಿದದ್ದೇ. ನಿನ್ನೆಯ ಮೊಸರಿನ ಒಂದು ಚಮಚವನ್ನು ಇಂದಿನ ಹಾಲಿಗೆ ಹೆಪ್ಪು ಹಾಕುವ ಕ್ರಮವೇ ಅದು. ಆ ಗಸಿ ಸತ್ತ ಕೊಳೆಯಲ್ಲ. ಕೋಟ್ಯಂತರ ಜೀವಿಗಳ ಗೊಂಚಲು. ಅದನ್ನು ಉಳಿಸಿಕೊಂಡು ಹೊಸ ಕೊಳಚೆಗೆ ಹೆಪ್ಪಾಗಿ ಹಾಕಿದರೆ, ಹಸಿದ ಜೀವಿಗಳು ಮಲಿನಾಂಶವನ್ನು ಉಂಡು ಮುಗಿಸಿ, ಗಾಳಿ ನಿಂತೊಡನೆ ಗೊಂಚಲುಗೊಂಚಲಾಗಿ ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿನೀರು ನಿಲ್ಲುತ್ತದೆ. ನದಿ ಹಲವು ಹರಿದಾರಿಗಳ ಹರಿವಿನಲ್ಲಿ ಮಾಡುವ ಕೆಲಸವನ್ನು ಒಂದು ತೊಟ್ಟಿಯಲ್ಲಿ ಕೆಲವು ಗಂಟೆಗಳಲ್ಲಿ ಮಾಡಿಸುವ ಉಪಾಯವಿದು.

ಇನ್ನು ನಮ್ಮ ನಾಡಿನ ಅಧ್ಯಾಯ. ಪ್ರಬಂಧ ಓದಿದ ಎರಡೇ ವರ್ಷಗಳಲ್ಲಿ, ೧೯೧೬ರಲ್ಲಿ, ಫೌಲರ್ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕನಾದ. ಅಂದಿನ ಬೆಂಗಳೂರು ೧೮೯೮ರ ಪ್ಲೇಗಿನ ಭಯವನ್ನು ಇನ್ನೂ ಮರೆತಿರಲಿಲ್ಲ. ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದು ಇಪ್ಪತ್ತು ವರ್ಷಗಳಾಗಿದ್ದವು. ಒಳಬಂದ ನೀರು ಹೊರಹೋಗುವ ದಾರಿ ಇನ್ನೂ ಸರಿಯಾಗಿರಲಿಲ್ಲ. ಮಹಾಯುದ್ಧ ನಡೆಯುತ್ತಿದ್ದ ಆ ಕಾಲದಲ್ಲಿ, ಮ್ಯಾಂಚೆಸ್ಟರಿನ ಹೊಸ ವಿದ್ಯೆಯ ಮೂಲಪುರುಷರಲ್ಲೊಬ್ಬ ನಮ್ಮ ನಡುವೆ ನಿಂತು ಶಿಷ್ಯರಿಗೆ ಅದನ್ನು ಕಲಿಸಿದ. ಮುಂದೆ ಜಮ್ಶೆಡ್‌ಪುರದ ಉಕ್ಕಿನ ನಗರದಲ್ಲಿಯೂ ಈ ಕ್ರಮದ ಘಟಕ ಬಂತು.

ಫೌಲರನ ಚಿಂತೆ ಕೇವಲ ನೀರನ್ನು ತಿಳಿಗೊಳಿಸುವುದಾಗಿರಲಿಲ್ಲ. ಈ ದೇಶದ ಹೊಲಗಳಿಗೆ ಸಾರಜನಕದ ಗೊಬ್ಬರ ಸಾಲದು. ಊರಿನ ಕೊಳಚೆಯಲ್ಲಿ ಅದೇ ಸಾರಜನಕ ಹರಿದು ವ್ಯರ್ಥವಾಗುತ್ತಿದೆ. ಶುದ್ಧೀಕರಣದ ಗುರಿ ಅದನ್ನು ನೆಲಕ್ಕೆ ಮರಳಿಸುವುದೂ ಆಗಿರಬೇಕು ಎಂಬುದು ಅವನ ನಿಲುವು. ೧೯೩೪ರಲ್ಲಿ ಈ ವಿಷಯವಾಗಿಯೇ ಒಂದು ಪುಸ್ತಕವನ್ನೂ ಪ್ರಕಟಿಸಿದ. ತಿಪ್ಪೆಯ ಬೆಲೆ ಬಲ್ಲ ಒಕ್ಕಲಿಗನಿಗೆ ಈ ಮಾತು ಹೊಸದಾಗಿ ಕಾಣಲಿಕ್ಕಿಲ್ಲ.

ಫೌಲರ್ ಬಿಟ್ಟುಹೋದ ಪರಂಪರೆಯಲ್ಲಿ ಎರಡು ಹೆಸರುಗಳನ್ನು ಗೌರವದಿಂದ ಹೇಳಬೇಕು. ಒಬ್ಬರು ವಿ. ಸುಬ್ರಹ್ಮಣ್ಯನ್, ೧೯೫೦ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರು ಇವರೇ. ಇನ್ನೊಬ್ಬರು ಎಸ್. ಸಿ. ಪಿಳ್ಳೆ. ಇವರಿಬ್ಬರೂ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಚೇತನಗೊಂಡ ಕೆಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅಲ್ಲಿಯವರೆಗೆ ಕೊಳಚೆಯನ್ನು ಶುದ್ಧಿಮಾಡುವ ಕೆಲಸವೆಲ್ಲ ಬ್ಯಾಕ್ಟೀರಿಯಾಗಳದೆಂದು ಲೋಕ ನಂಬಿತ್ತು. ಆ ಗೊಂಚಲುಗಳ ಮೇಲೆ ಇನ್ನೂ ದೊಡ್ಡವಾದ ಏಕಕೋಶಜೀವಿಗಳು, ಪ್ರೊಟೊಜೋವಾಗಳು, ಸಾಲಾಗಿ ನಿಂತಿರುವುದನ್ನು ಇವರು ಕಂಡರು. ಸಣ್ಣ ದಂಟಿನ ಮೇಲೆ ಗಂಟೆಯಾಕಾರದ ಮೈ, ಬಾಯ ಸುತ್ತ ಕೂದಲಿನಂಥ ಎಳೆಗಳು. ಆ ಎಳೆಗಳನ್ನು ಆಡಿಸಿ ನೀರಿನ ಸುಳಿ ಎಬ್ಬಿಸಿ, ಅಲೆಯುವ ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವ ಜೀವಿಗಳಿವು. ನೀರು ತಿಳಿಯಾಗುವುದರಲ್ಲಿ ಇವುಗಳ ಪಾತ್ರವೇ ಹಿರಿದು ಎಂದು ಇಬ್ಬರೂ ವಾದಿಸಿದರು. ೧೯೪೨ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅವರ ಬರಹ ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ವಾದವನ್ನು ಎಲ್ಲರೂ ಒಡನೆ ಒಪ್ಪಲಿಲ್ಲ. ಆದರೆ ೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿಯೇ ಕರ್ಡ್ಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು, ಈ ಜೀವಿಗಳಿಲ್ಲದ ತೊಟ್ಟಿಯಿಂದ ಹೊರಬರುವ ನೀರು ಕದಡಿರುತ್ತದೆ, ಇವುಗಳನ್ನು ಸೇರಿಸಿದರೆ ತಿಳಿಯಾಗುತ್ತದೆ ಎಂಬುದನ್ನು ಸ್ಥಾಪಿಸಿದವು. ಮಲಿನಾಂಶವನ್ನು ಕರಗಿಸುವುದು ಬ್ಯಾಕ್ಟೀರಿಯಾ, ನೀರನ್ನು ಸೋಸಿ ತಿಳಿಗೊಳಿಸುವುದು ಪ್ರೊಟೊಜೋವಾ ಎಂಬುದು ಇಂದಿನ ತಿಳಿವಳಿಕೆ. ಈಗ ಎಲ್ಲ ದೇಶಗಳಲ್ಲೂ ಘಟಕವನ್ನು ನಡೆಸುವವರು ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಗಂಟೆಜೀವಿಗಳು ಲವಲವಿಕೆಯಿಂದಿದ್ದರೆ ತೊಟ್ಟಿ ಆರೋಗ್ಯವಾಗಿದೆ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇಬ್ಬರು ಕಂಡ ನೋಟ ಹೀಗೆ ಲೋಕದ ರೂಢಿಯಾಯಿತು.

ನಿವೃತ್ತನಾದ ಮೇಲೆ ಒಮ್ಮೆ ನಮ್ಮ ಕಡೆಯ ಒಂದು ಪಟ್ಟಣದ ಶುದ್ಧೀಕರಣ ಘಟಕವನ್ನು ನೋಡಲು ಹೋಗಿದ್ದೆ. ಅಲ್ಲಿನ ಹುಡುಗ ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ತೊಟ್ಟಿಯ ಕಂದುಬಣ್ಣದ ನೀರನ್ನು ತುಂಬಿ, ಗಡಿಯಾರ ನೋಡಿಕೊಂಡು ನಿಂತ. ಅರ್ಧ ಗಂಟೆಯಲ್ಲಿ ಗಸಿ ಕೆಳಗಿಳಿದು ಮೇಲೆ ತಿಳಿ ನಿಂತಿತು. "ನೋಡ್ರಿ ಸರ, ಇಷ್ಟು ಇಳದ್ರ ಚಲೋ. ತೇಲಿತಂದ್ರ ಒಳಗ ಏನೋ ಬ್ಯಾನಿ ಬಂದೈತಿ ಅಂತ ತಿಳೀಬೇಕು" ಎಂದ. ಕರೆಂಟು ಹೋದರೆ ಏನಾಗುತ್ತದೆ ಎಂದು ಕೇಳಿದೆ. "ಉಸಿರು ಕಟ್ಟಿ ಸಾಯ್ತಾವ್ರಿ ಸರ, ಇವೂ ಜೀವಾನ ಅಲ್ಲೇನ್ರಿ" ಎಂದ. ನಾನು ಓದಿದ ಪುಸ್ತಕಗಳ ಸಾರವೆಲ್ಲ ಆ ಎರಡು ಮಾತುಗಳಲ್ಲಿತ್ತು.

ಘಟಕದ ಕೆಲಸವನ್ನು ಉತ್ತಮಪಡಿಸುವುದೆಂದರೆ ಹೆಚ್ಚು ಸಿಮೆಂಟು ಸುರಿಯುವುದೆಂದು ನಮ್ಮಲ್ಲಿ ಭಾವನೆಯಿದೆ. ಆದರೆ ಆ ಹುಡುಗನ ಮಾತಿನ ಜಾಡು ಹಿಡಿದರೆ ತಿಳಿಯುವುದು ಬೇರೆ. ದನಕರು ಸಾಕಿದವನಂತೆ ಇಲ್ಲಿಯೂ ನೋಡಿಕೊಳ್ಳಬೇಕಾದವು ನಾಲ್ಕಾರು ಸಂಗತಿಗಳು. ಮೊದಲನೆಯದು ಉಸಿರು: ತೊಟ್ಟಿಯ ನೀರಿನಲ್ಲಿ ಲೀಟರಿಗೆ ಸುಮಾರು ೨ ಮಿಲಿಗ್ರಾಮಿನಷ್ಟಾದರೂ ಆಮ್ಲಜನಕವಿರಬೇಕು. ಘಟಕದ ವಿದ್ಯುತ್ತಿನ ದೊಡ್ಡ ಪಾಲು ಗಾಳಿ ಊದುವುದಕ್ಕೇ ಖರ್ಚಾಗುವುದರಿಂದ, ಉಳಿತಾಯದ ನೆಪದಲ್ಲಿ ಮೊದಲು ನಿಲ್ಲುವುದೂ ಅದೇ. ಎರಡನೆಯದು ಹೆಪ್ಪು: ತಳಕ್ಕಿಳಿದ ಗಸಿಯಲ್ಲಿ ಎಷ್ಟನ್ನು ಮರಳಿ ತೊಟ್ಟಿಗೆ ಕಳಿಸಬೇಕು, ಮುದಿಯಾದುದನ್ನು ಎಷ್ಟು ಹೊರತೆಗೆಯಬೇಕು ಎಂಬ ಲೆಕ್ಕ ದಿನದಿನವೂ ನಡೆಯಬೇಕು. ಹೊರತೆಗೆಯದೆ ಬಿಟ್ಟರೆ ಗಸಿ ಉಕ್ಕಿ ತಿಳಿನೀರಿನೊಂದಿಗೆ ನದಿಗೇ ಹೋಗುತ್ತದೆ. ಮೂರನೆಯದು ಆಹಾರ: ಮಳೆಯ ನೀರು ನುಗ್ಗಿದರೆ ಕೊಳಚೆ ತೆಳುವಾಗಿ ಜೀವಿಗಳಿಗೆ ಉಪವಾಸ, ಕಾರ್ಖಾನೆಯ ವಿಷ ಬಂದರೆ ಮರಣ. ನಾಲ್ಕನೆಯದು ಬಾಗಿಲ ಕಾವಲು: ಪ್ಲಾಸ್ಟಿಕ್ಕು, ಬಟ್ಟೆ, ಮರಳುಗಳನ್ನು ಒಳಬರುವ ಮೊದಲೇ ಜಾಲರಿಯಲ್ಲಿ ತಡೆಯದಿದ್ದರೆ ಪಂಪುಗಳು ಕೆಡುತ್ತವೆ. ಕೊನೆಯದು ಲೆಕ್ಕದ ಪುಸ್ತಕ: ಇಂದಿನ ಅಳತೆಯನ್ನು ನಿನ್ನೆಯದರೊಡನೆ ಹೋಲಿಸಿ ನೋಡುವ ಒಬ್ಬ ಮನುಷ್ಯ ಬೇಕು.

ತಾಂತ್ರಿಕತೆ ಬದಲಾಗಿಲ್ಲವೆಂದಲ್ಲ. ಈಚೆಗೆ ನಮ್ಮ ಊರುಗಳಿಗೆ ಎಸ್‌ಬಿಆರ್ ಎಂಬ ಘಟಕಗಳು ಬಂದಿವೆ. ಒಂದೇ ತೊಟ್ಟಿಯಲ್ಲಿ ತುಂಬುವುದು, ಗಾಳಿ ಊದುವುದು, ಇಳಿಯಲು ಬಿಡುವುದು, ತಿಳಿಯನ್ನು ಬಸಿಯುವುದು. ಇಷ್ಟೂ ಕೆಲಸ ಸರದಿಯ ಮೇಲೆ ತಾನಾಗಿ ನಡೆಯುತ್ತದೆ. ವಿಚಾರಿಸಿದರೆ ೧೯೧೪ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಸೀಸೆಯಲ್ಲಿ ಮಾಡಿದ್ದೂ ಇದನ್ನೇ. ಆಗ ಕೈಯಿಂದ ತಿರುಗಿಸುತ್ತಿದ್ದ ಕವಾಟವನ್ನು ಈಗ ಕಂಪ್ಯೂಟರು ತಿರುಗಿಸುತ್ತದೆ.

ಇತಿಹಾಸದ ಇನ್ನೊಂದು ಮುಖವನ್ನು ಹೇಳದೆ ಹೋದರೆ ಈ ಕಥೆ ಅಪ್ರಾಮಾಣಿಕವಾದೀತು. ಕಲಗಚ್ಚಿಗೆ ಎಮ್ಮೆ, ಬಚ್ಚಲ ನೀರಿಗೆ ಬಾಳೆ ಎಂದು ಆಗಲೇ ಹೇಳಿದೆ. ಪಟ್ಟಣದ ಮಲಕ್ಕೆ ಏನಿತ್ತು? ಮನುಷ್ಯನ ತಲೆಯಿತ್ತು. ಒಂದು ಜಾತಿಯ ಗಂಡಸರು ಹೆಂಗಸರು ಬುಟ್ಟಿ ಬಕೆಟ್ಟುಗಳಲ್ಲಿ ಅದನ್ನು ಹೊತ್ತು ಊರಾಚೆಗೆ ಒಯ್ಯುತ್ತಿದ್ದರು. ಮ್ಯಾಂಚೆಸ್ಟರಿನ ವಿದ್ಯೆ ಬೆಂಗಳೂರಿಗೆ ಬಂದು ಅರ್ಧ ಶತಮಾನ ಕಳೆದರೂ ನಮ್ಮ ಊರುಗಳಲ್ಲಿ ಇದು ನಿಂತಿರಲಿಲ್ಲ. ೧೯೭೦ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಸಾಹಿತ್ಯವಲಯದವರು ಅವರನ್ನು ನೆನೆಯುವುದು ೧೯೭೩ರ ಬೂಸಾ ಪ್ರಕರಣದ ಮೂಲಕ. ಕನ್ನಡ ಸಾಹಿತ್ಯದ ಬಗ್ಗೆ ಅವರಾಡಿದ ಒಂದು ಮಾತಿನ ಮೇಲೆ ನಾಡೆಲ್ಲ ಗದ್ದಲವೆದ್ದಿತು. ಅವರು ಮಂತ್ರಿಪದವಿಯನ್ನೂ ಬಿಡಬೇಕಾಯಿತು. ಆ ಮಾತಿನ ಬಗೆಗೆ ನಾವು ಬರೆದ ಪುಟಗಳಿಗೆ ಲೆಕ್ಕವಿಲ್ಲ. ಅವರು ಇಳಿಸಿದ ಬುಟ್ಟಿಯ ಬಗೆಗೆ ಬರೆದದ್ದು ತೀರ ಕಡಿಮೆ. ಪೌರಕಾರ್ಮಿಕರ ಸ್ಥಿತಿಗತಿಯನ್ನು ವಿಚಾರಿಸಿದ ಐ. ಪಿ. ಡಿ. ಸಾಲಪ್ಪ ಸಮಿತಿಯ ೧೯೭೬ರ ವರದಿಯೂ ನಮ್ಮ ಓದಿನ ಪಟ್ಟಿಗೆ ಸೇರಲಿಲ್ಲ.

ಆಮೇಲೆ ೧೯೯೩ರಲ್ಲಿ, ಮತ್ತೆ ೨೦೧೩ರಲ್ಲಿ ಕೇಂದ್ರದ ಕಾಯಿದೆಗಳು ಬಂದವು. ಮ್ಯಾನ್‌ಹೋಲಿನಲ್ಲಿ, ಶೌಚಗುಂಡಿಯಲ್ಲಿ ಇಳಿದು ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಆದೇಶಿಸಿತು. ೨೦೨೩ರಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಆದ್ದರಿಂದ ಘಟಕವೊಂದು ಕೆಟ್ಟು ನಿಲ್ಲುವುದು ಕೇವಲ ಯಂತ್ರದ ವಿಚಾರವಲ್ಲ. ಹೂಳು ತುಂಬಿ ಕೊಳವೆ ಕಟ್ಟಿಕೊಂಡಾಗ, ಯಂತ್ರ ಕೈಕೊಟ್ಟಾಗ, ಕೊನೆಗೆ ಗುಂಡಿಗೆ ಇಳಿಸಲು ಹುಡುಕುವುದು ಮನುಷ್ಯನನ್ನೇ.

ಇಂದಿನ ಸ್ಥಿತಿಯನ್ನು ಕೆಲವು ಅಂಕಿಗಳಲ್ಲಿ ಹೇಳಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ೨೦೨೧ರ ಲೆಕ್ಕದಂತೆ ಭಾರತದ ನಗರಗಳಲ್ಲಿ ದಿನಕ್ಕೆ ೭೨,೩೬೮ ದಶಲಕ್ಷ ಲೀಟರು ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಘಟಕಗಳ ಶಕ್ತಿ ೩೧,೮೪೧ ದಶಲಕ್ಷ ಲೀಟರು. ನಿಜವಾಗಿ ಶುದ್ಧೀಕರಣಗೊಳ್ಳುತ್ತಿದ್ದುದು ೨೦,೨೩೫. ಮೊದಲ ಎರಡು ಅಂಕಿಗಳ ನಡುವಿನ ಅಂತರ ಬಡತನದ್ದೆಂದು ಹೇಳಿ ಸಮಾಧಾನಪಟ್ಟುಕೊಳ್ಳಬಹುದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರಕ್ಕೆ ಆ ಸಮಾಧಾನವಿಲ್ಲ. ಹಣ ಸುರಿದು ಕಟ್ಟಿದ ಮೇಲೂ ಮೂರರಲ್ಲೊಂದು ಪಾಲು ಶಕ್ತಿ ಕೆಲಸಕ್ಕೆ ಬಾರದೆ ಉಳಿಯಿತು: ಕೆಲವೆಡೆ ಕೊಳಚೆಯನ್ನು ತರುವ ಕೊಳವೆಯೇ ಬರಲಿಲ್ಲ, ಕೆಲವೆಡೆ ನಡೆಸುವವರು ಸಾಲಲಿಲ್ಲ.

ಫೌಲರನ ಬೆಂಗಳೂರೇ ಇದಕ್ಕೆ ಎರಡೂ ಬಗೆಯ ಸಾಕ್ಷಿ ಹೇಳುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು. ೨೦೧೭ ಮತ್ತು ೨೦೧೮ರಲ್ಲಿ ಅಲ್ಲಿ ಬೆಂಕಿಯೂ ಎದ್ದಿತು. ಇತ್ತ ೨೦೧೮ರಲ್ಲಿಯೇ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಬರಪೀಡಿತ ಕೋಲಾರದ ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಒಣಗಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ಆರಂಭದ ತಿಂಗಳುಗಳಲ್ಲೇ ಅಲ್ಲಿಯೂ ನೊರೆ ಕಂಡು ಜನ ನ್ಯಾಯಾಲಯಕ್ಕೆ ಹೋದರು, ನೀರು ಕೆಲಕಾಲ ನಿಂತಿತು, ಮತ್ತೆ ಹರಿಯಿತು. ಕೋಲಾರದ ರೈತನಿಗೆ ಈಗ ಬೆಂಗಳೂರಿನ ತೊಟ್ಟಿಯಲ್ಲಿರುವ ಆ ಗಂಟೆಜೀವಿಗಳ ಆರೋಗ್ಯ ತನ್ನ ಬಾವಿಯ ಪ್ರಶ್ನೆಯಾಗಿದೆ. ನಮ್ಮ ಉತ್ತರ ಕರ್ನಾಟಕದಲ್ಲಿ, ಹುಬ್ಬಳ್ಳಿ-ಧಾರವಾಡದ ಸುತ್ತ, ರೈತರು ನಾಲೆಯ ಹಸಿ ಕೊಳಚೆಯನ್ನೇ ತರಕಾರಿಗೆ ಹಾಯಿಸಿಕೊಂಡು ಬಂದಿದ್ದಾರೆ. ಅವರ ಬೆಳೆಗೆ ಸಾರಜನಕ ಸಿಕ್ಕಿದೆ, ಅದರ ಜೊತೆಗೆ ಜಂತುಹುಳುಗಳೂ ರೋಗವೂ ಬಂದಿವೆ.

ಇನ್ನು ನಮ್ಮ ದೋಆಬಿನ ಮಾತು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಳ ಕಾಲ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ಆದಿಲ್‌ಶಾಹಿ ಸೈನ್ಯವನ್ನು ಸೋಲಿಸಿ ರಾಯಚೂರನ್ನು ಹಿಡಿದನು. ಎರಡು ಮಹಾನದಿಗಳ ನಡುವೆ ಇರುವ ಆ ಊರಿನಲ್ಲಿಯೇ ೨೦೨೨ರ ಮೇ ಕೊನೆಯಿಂದ ಜೂನ್ ತಿಂಗಳವರೆಗೆ ನಲ್ಲಿಯ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು. ಹಲವರು ಪ್ರಾಣ ಕಳೆದುಕೊಂಡರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿನಿಂದ ಜನ ಅಸ್ವಸ್ಥರಾದರು, ಒಂದು ಮಗು ತೀರಿಕೊಂಡಿತು. ಇವು ಕುಡಿಯುವ ನೀರಿನ ದುರಂತಗಳು, ಕೊಳಚೆ ಘಟಕದವಲ್ಲ ಎಂದು ಬೇರ್ಪಡಿಸಿ ಹೇಳಬಹುದು. ರಾಯಚೂರಿನ ಸಾವುಗಳ ಬಳಿಕ ಎದ್ದ ಪ್ರಶ್ನೆಯೂ ಘಟಕ ಇತ್ತೇ ಇಲ್ಲವೇ ಎಂಬುದಲ್ಲ; ಇದ್ದ ಘಟಕವನ್ನು ಯಾರು, ಎಷ್ಟು ದಿನಕ್ಕೊಮ್ಮೆ ನೋಡಿಕೊಳ್ಳುತ್ತಿದ್ದರು ಎಂಬುದು. ಒಂದು ಊರಿನ ಚರಂಡಿಯ ತುದಿಯೂ ಇನ್ನೊಂದು ಊರಿನ ನಲ್ಲಿಯ ಮೂಲವೂ ಒಂದೇ ಹೊಳೆಯಲ್ಲಿರುವಾಗ ಈ ಎರಡು ಬಗೆಯ ಘಟಕಗಳ ನಡುವೆ ಇರುವ ಗೋಡೆ ತೀರ ತೆಳುವಾದುದು.

ದೇವದುರ್ಗ, ಮಾನ್ವಿಗಳಂಥ ಸಣ್ಣ ಪಟ್ಟಣಗಳು ಏನು ಮಾಡಬೇಕು? ಒಂದು ಊರು ಕೃಷ್ಣೆಯ ಕಡೆಗೆ, ಜಗನ್ನಾಥದಾಸರ ಮಾನ್ವಿ ತುಂಗಭದ್ರೆಯ ಕಡೆಗೆ. ಇಂಥ ಊರುಗಳಲ್ಲಿ ಮನೆಮನೆಗೆ ಶೌಚಗುಂಡಿಯೇ ಆಧಾರ; ತುಂಬಿದ ಗುಂಡಿಯನ್ನು ಹೀರಿಕೊಂಡು ಹೋಗುವ ಗಾಡಿ ಅದನ್ನು ಎಲ್ಲಿ ಸುರಿಯುತ್ತದೆ ಎಂದು ನಾವು ವಿಚಾರಿಸುವುದಿಲ್ಲ. ಇದಕ್ಕೊಂದು ದಾರಿ ಬೆಂಗಳೂರಿನ ಮಗ್ಗುಲಿನ ದೇವನಹಳ್ಳಿಯಲ್ಲಿದೆ. ಒಳಚರಂಡಿ ಇಲ್ಲದ ಆ ಪಟ್ಟಣದಲ್ಲಿ ೨೦೧೫ರಲ್ಲಿ, ದೇಶಕ್ಕೇ ಮೊದಲನೆಯದೆನ್ನಬಹುದಾದ, ಶೌಚಗುಂಡಿಯ ಗಸಿಯ ಶುದ್ಧೀಕರಣ ಘಟಕ ಆರಂಭವಾಯಿತು. ಗಾಡಿ ತಂದ ಗಸಿಯನ್ನು ಅಲ್ಲಿ ಹುದುಗಿಸಿ, ಒಣಗಿಸಿ, ಊರಿನ ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಅದರ ಶಕ್ತ್ಯಾನುಸಾರ ದಿನಕ್ಕೆ ಕೆಲವು ಸಾವಿರ ಲೀಟರು ಮಾತ್ರ; ಸಣ್ಣ ಊರಿಗೆ ಅಷ್ಟು ಸಾಕು. ಫೌಲರ್ ಹಂಬಲಿಸಿದ ಸಾರಜನಕ ಅಲ್ಲಿ ಹೊಲಕ್ಕೆ ಮರಳುತ್ತಿದೆ.

ನಿಯಮಗಳು ಬಿಗಿಯಾಗುತ್ತಲೇ ಇವೆ. ೨೦೧೭ರಲ್ಲಿ ಕೇಂದ್ರ ಸರಕಾರ ಮಹಾನಗರಗಳ ಘಟಕಗಳಿಗೆ ಬಿ.ಓ.ಡಿ. ೨೦, ಉಳಿದೆಡೆಗಳಿಗೆ ೩೦ ಎಂದು ಗೊತ್ತುಪಡಿಸಿತು. ೨೦೧೯ರಲ್ಲಿ ಹಸಿರು ನ್ಯಾಯಮಂಡಳಿ ೧೦ಕ್ಕೆ ಇಳಿಸಬೇಕೆಂದಿತು. ಅಂಕಿಯನ್ನು ಕಾಗದದ ಮೇಲೆ ಇಳಿಸುವುದು ಸುಲಭ. ತೊಟ್ಟಿಯಲ್ಲಿ ಇಳಿಸಬೇಕಾದರೆ ರಾತ್ರಿ ಕರೆಂಟು ಹೋದಾಗ ಎದ್ದು ಜನರೇಟರು ಹಾಕುವ, ಜಾಡಿಯಲ್ಲಿ ಗಸಿ ತೇಲಿದರೆ ಕಾರಣ ಹುಡುಕುವ, ತಿಂಗಳಿಗೆ ಸರಿಯಾಗಿ ಸಂಬಳ ಸಿಗುವ ಮನುಷ್ಯನಿರಬೇಕು. ಗುತ್ತಿಗೆಯ ಹೆಸರಿನಲ್ಲಿ ಅವನನ್ನು ವರ್ಷವರ್ಷವೂ ಬದಲಿಸಿದರೆ ಅವನ ಕಣ್ಣು ಪಳಗುವುದಿಲ್ಲ. ಈ ಕೆಲಸದಲ್ಲಿ ಪಳಗಿದ ಕಣ್ಣಿಗೆ ಸಮನಾದ ಯಂತ್ರವನ್ನು ಇನ್ನೂ ಯಾರೂ ಮಾಡಿಲ್ಲ. ಪಿಳ್ಳೆಯವರೂ ಸುಬ್ರಹ್ಮಣ್ಯನ್ನರೂ ೧೯೪೨ರಲ್ಲಿ ತೋರಿಸಿಕೊಟ್ಟದ್ದು, ಕೆಸರನ್ನೂ ಕಣ್ಣಿಟ್ಟು ನೋಡಬೇಕೆಂಬುದನ್ನು.

ಕೇಳುಗರಲ್ಲಿ ನನ್ನ ವಿನಂತಿಯೊಂದೇ. ನಿಮ್ಮ ಊರಿನ ಗ್ರಂಥಾಲಯ, ಕಲಾಮಂದಿರ, ಕೋಟೆಗಳನ್ನು ಮಕ್ಕಳಿಗೆ ತೋರಿಸುವಂತೆ, ಕೊಳಚೆ ನೀರಿನ ಘಟಕವನ್ನೂ ಒಮ್ಮೆ ತೋರಿಸಿ. ಗಾಳಿ ಊದುತ್ತಿದೆಯೇ ನೋಡಿ. ಹೊರಹೋಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ಅಲ್ಲಿ ಕೆಲಸ ಮಾಡುವವನ ಹೆಸರು ಕೇಳಿ, ಸಂಬಳ ಬಂದಿತೇ ಎಂದು ವಿಚಾರಿಸಿ. ಕೆಳಗಿನ ಊರಿನವರು ಇಂದು ಯಾವ ನೀರು ಕುಡಿಯುತ್ತಾರೆ ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿದೆ.